ಆಮೆ ಮುಟ್ಟಿಸುತ್ತೇವೆ ಅನ್ನುವ ಬೋಟ್ ಹತ್ತಬೇಡಿ

ಪ್ರಶ್ನೆ: ನಾವು ಮೂವರು ಮೊದಲ ಸಲ ಒಂದು ದ್ವೀಪಕ್ಕೆ ಹೊರಟಿದ್ದೇವೆ. ಬೋಟ್, ಹುಟ್ಟು ಹಾಕುವ ಸಣ್ಣ ದೋಣಿ ಕಯಾಕ್, ಮಾಸ್ಕ್ ಮತ್ತು ಉಸಿರಾಟದ ಕೊಳವೆ ಹಾಕಿಕೊಂಡು ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವ ಸ್ನಾರ್ಕೆಲಿಂಗ್ ಅಂತ ಮೂರು ಬಗೆಯ ಟೂರ್ ಇವೆಯಂತೆ. ಡಾಲ್ಫಿನ್, ಕಡಲಾಮೆ, ಅದೃಷ್ಟ ಇದ್ದರೆ ತಿಮಿಂಗಿಲ ನೋಡಬೇಕು ಅಂತ ಆಸೆ. ಟೂರ್‌ನವರೊಬ್ಬರು "ಡಾಲ್ಫಿನ್ ಗ್ಯಾರಂಟಿ, ಆಮೆ ಮುಟ್ಟಿಸುತ್ತೇವೆ" ಅನ್ನುತ್ತಿದ್ದಾರೆ. ನನ್ನ ಹೆಂಡತಿಗೆ ಈಜು ಬರುವುದಿಲ್ಲ, ಮಗಳಿಗೆ 10 ವರ್ಷ. ಯಾವುದಕ್ಕೆ ಹೋಗಬೇಕು? ಎಷ್ಟು ಹತ್ತಿರ ಹೋಗಬಹುದು? ಅಪಾಯ ಏನಾದರೂ ಇದೆಯಾ?

ಉತ್ತರ: ಮೊದಲು ಆ "ಮುಟ್ಟಿಸುತ್ತೇವೆ" ಅನ್ನುವವರನ್ನು ಬಿಟ್ಟುಬಿಡಿ. ಇದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ. ಸಮುದ್ರದ ಪ್ರಾಣಿ ಹೇಳಿದ ಹೊತ್ತಿಗೆ ಬಂದು ಮೈ ಮುಟ್ಟಿಸಿಕೊಂಡು ಹೋಗುವುದಿಲ್ಲ. ಹಾಗೆ ಸಿಗಬೇಕಾದರೆ ಒಂದೋ ಅದಕ್ಕೆ ದಿನಾ ತಿನ್ನಲು ಹಾಕಿ ರೂಢಿ ಮಾಡಿಸಿರಬೇಕು, ಇಲ್ಲಾ ಯಾರೋ ನೀರಿಗೆ ಹಾರಿ ಅದನ್ನು ಹಿಡಿದು ತರಬೇಕು. ಎರಡೂ ಕೆಟ್ಟದ್ದೇ.

"ಗ್ಯಾರಂಟಿ" ಅನ್ನುವ ಮಾತನ್ನು ಮಾತ್ರ ಸ್ವಲ್ಪ ಬಿಡಿಸಿ ಕೇಳಿ. "ಕಾಣದಿದ್ದರೆ ಇನ್ನೊಂದು ದಿನ ದುಡ್ಡು ತಗೊಳ್ಳದೆ ಕರೆದುಕೊಂಡು ಹೋಗುತ್ತೇವೆ" ಅನ್ನುವುದು ಪ್ರಾಮಾಣಿಕ ಗ್ಯಾರಂಟಿ. ತಿಮಿಂಗಿಲ ತೋರಿಸುವ ಒಳ್ಳೆಯ ಟೂರ್‌ನವರೂ ಅದನ್ನು ಕೊಡುತ್ತಾರೆ. "ಏನೇ ಆಗಲಿ ತೋರಿಸಿಯೇ ತೋರಿಸುತ್ತೇವೆ" ಅನ್ನುವವರು ಕಾಣುವವರೆಗೂ ಅಟ್ಟಿಸಿಕೊಂಡು ಹೋಗುತ್ತಾರೆ ಅಂತ ಅರ್ಥ.

ತಿನ್ನಲು ಹಾಕಿದರೆ ಏನಾಯಿತು, ಪಾಪ ಅವಕ್ಕೂ ಹೊಟ್ಟೆ ತುಂಬುತ್ತದಲ್ಲ ಅಂತ ಕೇಳುವವರಿದ್ದಾರೆ. ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ ಸ್ಟಿಂಗ್ ರೇ ಸಿಟಿ ಅಂತ ಒಂದು ಜಾಗ ಇದೆ. ಸೊಂಟದ ಮಟ್ಟದ ನೀರು, ಕೆಳಗೆ ಮರಳು, ಸುತ್ತ ಹತ್ತಾರು ತೊರಕೆ ಮೀನುಗಳು, ಅಂದರೆ ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನುಗಳು. ಈ ಜಾತಿಯ ತೊರಕೆ ಸಾಮಾನ್ಯವಾಗಿ ರಾತ್ರಿ ಹೊತ್ತು ಒಂಟಿಯಾಗಿ ಓಡಾಡಿ ಬೇಟೆಯಾಡುತ್ತದೆ. ಅಲ್ಲಿ ದಶಕಗಳಿಂದ ಪ್ರವಾಸಿಗರ ಕೈಯಿಂದ ತಿಂದು ತಿಂದು ಅವು ಹಗಲು ಓಡಾಡಿ ರಾತ್ರಿ ಸುಮ್ಮನಿರುವ ಪ್ರಾಣಿಗಳಾಗಿಬಿಟ್ಟಿವೆ. ಒಂಟಿಯಾಗಿದ್ದವು ಗುಂಪಾಗಿ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಫಿಲಿಪ್ಪೀನ್ಸ್‌ನ ಒಸ್ಲೊಬ್‌ನಲ್ಲಿ ವೇಲ್ ಶಾರ್ಕ್‌ಗಳಿಗೆ ಬೆಳಿಗ್ಗೆ ಚಿಕ್ಕ ಸೀಗಡಿ ಹಾಕುತ್ತಾರೆ. ಬಸ್ಸಿನಷ್ಟು ಉದ್ದ ಬೆಳೆಯುವ, ಸಮುದ್ರವೆಲ್ಲ ಸುತ್ತಬೇಕಾದ ಮೀನು ಅದು. ಅಲ್ಲಿ ಕೆಲವು ತಿಂಗಳುಗಟ್ಟಲೆ ದೋಣಿ ಪಕ್ಕ ಬಾಯಿ ತೆರೆದು ನಿಂತಿರುತ್ತವೆ. ದೋಣಿ ಕಂಡರೆ ಊಟ ಬಂತು ಅಂತ ಕಲಿತ ಮೇಲೆ ಯಾವ ದೋಣಿಯಲ್ಲಿ ಸೀಗಡಿ ಇದೆ, ಯಾವುದರಲ್ಲಿ ಬರೀ ಪ್ರೊಪೆಲರ್ ಇದೆ ಅಂತ ಅವಕ್ಕೆ ಹೇಗೆ ಗೊತ್ತಾಗಬೇಕು, ಹೇಳಿ?

ಇನ್ನು ಆಮೆ. ಅದು ನಮ್ಮ ಹಾಗೆ ಗಾಳಿ ಉಸಿರಾಡುವ ಪ್ರಾಣಿ ಅನ್ನುವುದನ್ನೇ ಜನ ಮರೆತುಬಿಡುತ್ತಾರೆ. ನಿದ್ದೆ ಮಾಡುವಾಗ ಗಂಟೆಗಟ್ಟಲೆ ಕೆಳಗಿರಬಲ್ಲ ಹಸಿರು ಕಡಲಾಮೆ, ಕಡಲ ತಳದ ಹುಲ್ಲು ಮೇಯುತ್ತಾ ಓಡಾಡುವಾಗ ಆಗಾಗ ಮೇಲೆ ಬಂದು ಹೋಗಬೇಕು. ಅದರ ತಲೆ ಮೇಲೆ ಎಂಟು ಹತ್ತು ಜನ ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ಬಡಿಯುತ್ತಾ ತೇಲುತ್ತಿದ್ದರೆ ಮೇಲೆ ಬರುವ ದಾರಿಯೇ ಮುಚ್ಚಿಹೋಗುತ್ತದೆ. ಅದು ಬಂದ ದಾರಿಯಲ್ಲೇ ತಿರುಗಿ ಕೆಳಗಿಳಿಯುತ್ತದೆ, ಗಾಬರಿಯಲ್ಲಿ ಜೋರಾಗಿ ಈಜಿ ಇದ್ದ ಉಸಿರನ್ನೂ ಖರ್ಚು ಮಾಡಿಕೊಳ್ಳುತ್ತದೆ. ಹಾಗಾಗಿ ಆಮೆ ಕಂಡರೆ ಮಾಡಬೇಕಾದ್ದು ಒಂದೇ: ಪಕ್ಕಕ್ಕೆ ಸರಿದು, ಕೈ ಕಾಲು ಆಡಿಸದೆ ಸುಮ್ನೆ ತೇಲುವುದು. ಮೇಲಿನಿಂದ ಎರಗಬೇಡಿ, ಹಿಂದಿನಿಂದ ಬೆನ್ನಟ್ಟಬೇಡಿ. ಪಕ್ಕದಲ್ಲಿ, ಅದಕ್ಕೆ ಕಾಣುವ ಹಾಗೆ ಇರಿ. ನೀವು ಅಡ್ಡ ಬರುವುದಿಲ್ಲ ಅಂತ ಗೊತ್ತಾದರೆ ಅದು ನಿಮ್ಮ ಪಕ್ಕದಲ್ಲೇ ಮೇಲೆ ಬರುತ್ತದೆ, ತಲೆ ಹೊರಗೆ ಹಾಕಿ "ಫುಸ್" ಅಂತ ಉಸಿರು ಬಿಡುವುದು ನಿಮಗೆ ಕೇಳಿಸುತ್ತದೆ, ಮತ್ತೆ ಕೆಳಗಿಳಿದು ತನ್ನ ಹುಲ್ಲಿಗೆ ಬಾಯಿ ಹಾಕುತ್ತದೆ. ಮುಟ್ಟಿದವರಿಗೆ ಇದು ಯಾವತ್ತೂ ಸಿಗುವುದಿಲ್ಲ. ಅವರಿಗೆ ಸಿಗುವುದು ಓಡಿಹೋಗುವ ಆಮೆಯ ಬೆನ್ನು ಮಾತ್ರ.

ಎಷ್ಟು ಹತ್ತಿರ ಹೋಗಬಹುದು ಅನ್ನುವುದಕ್ಕೆ ಒಂದೊಂದು ಕಡೆ ಒಂದೊಂದು ಲೆಕ್ಕ ಇದೆ. ಗಲಪಗೋಸ್‌ನಲ್ಲಿ ಯಾವ ಪ್ರಾಣಿಯಿಂದಲೂ ಕನಿಷ್ಠ 2 ಮೀಟರ್ ದೂರ ಇರಬೇಕು. ಹವಾಯಿಯಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಕ್ಕೆ 100 ಗಜ, ಅಂದರೆ ಸುಮಾರು 90 ಮೀಟರ್. ಪಶ್ಚಿಮ ಆಸ್ಟ್ರೇಲಿಯಾದ ನಿಂಗಾಲೂದಲ್ಲಿ ವೇಲ್ ಶಾರ್ಕ್ ಜೊತೆ ಈಜುವವರು ಅದರ ಮೈಯಿಂದ 3 ಮೀಟರ್, ಬಾಲದಿಂದ 4 ಮೀಟರ್ ದೂರ ಇರಬೇಕು, ಒಂದು ಮೀನಿನ ಹತ್ತಿರ ಒಂದು ಸಲಕ್ಕೆ 10 ಜನಕ್ಕಿಂತ ಜಾಸ್ತಿ ಇಳಿಯುವಂತಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲಲ್ಲಿರುವ ಓರ್ಕಾಗಳ (ಕಿಲ್ಲರ್ ವೇಲ್) ಒಂದು ಅಳಿವಿನಂಚಿನ ಗುಂಪಿಗೆ 2025ರಿಂದ 1,000 ಗಜ ಬಿಡಬೇಕು, ಹತ್ತಿರ ಹತ್ತಿರ ಒಂದು ಕಿಲೋಮೀಟರ್. ಇಷ್ಟು ದೂರ ಯಾಕೆ ಅಂದರೆ ಅವು ಶಬ್ದ ಬಿಟ್ಟು ಅದರ ಪ್ರತಿಧ್ವನಿ ಕೇಳಿ ಸಾಲ್ಮನ್ ಮೀನು ಹಿಡಿಯುತ್ತವೆ. ಇಂಜಿನ್ ಗದ್ದಲದಲ್ಲಿ ಆ ಪ್ರತಿಧ್ವನಿ ಮುಳುಗಿಹೋಗುತ್ತದೆ.

ನೀವು ಹೋಗುವ ಜಾಗದ ನಿಯಮ ಏನಿದೆಯೋ ಅದನ್ನು ಕೇಳಿಕೊಳ್ಳಿ, ಪಾಲಿಸಿ. ಆದರೆ ನೀರಿನ ಮೇಲೆ ಟೇಪು ಹಿಡಿದು ಅಳೆಯಲು ಆಗುತ್ತದಾ? ನಾನು ಜನಕ್ಕೆ ಹೇಳಿಕೊಡುವುದು ಬೇರೆ. ನೀವು ಬರುವ ಮುಂಚೆ ಅದು ಏನು ಮಾಡುತ್ತಿತ್ತು ನೋಡಿ. ಮೇಯುತ್ತಿತ್ತು, ಮಲಗಿತ್ತು, ಮರಿಗೆ ಹಾಲು ಕುಡಿಸುತ್ತಿತ್ತು. ನೀವು ಬಂದ ಮೇಲೂ ಅದನ್ನೇ ಮಾಡುತ್ತಿದ್ದರೆ ಸರಿ. ಅದನ್ನು ಬಿಟ್ಟು ನಿಮ್ಮ ಕಡೆ ನೋಡಲು ಶುರು ಮಾಡಿದರೆ ನೀವು ಆಗಲೇ ಜಾಸ್ತಿ ಹತ್ತಿರ ಬಂದಿದ್ದೀರಿ, ಪುಸ್ತಕದಲ್ಲಿ ಎಷ್ಟು ಮೀಟರ್ ಬರೆದಿದ್ದರೂ ಸರಿಯೇ. ಬಂಡೆ ಮೇಲೆ ಮಲಗಿದ ಸೀಲ್‌ಗಳಲ್ಲಿ ಇದು ತುಂಬಾ ಸ್ಪಷ್ಟವಾಗಿ ಕಾಣುತ್ತದೆ. ಮೊದಲು ಒಂದು ತಲೆ ಎತ್ತುತ್ತದೆ. ಆಮೇಲೆ ಪಕ್ಕದವು ಎರಡು ಮೂರು. ಆಮೇಲೆ ಒಂದು ಹೊಟ್ಟೆ ಎಳೆದುಕೊಂಡು ನೀರಿನ ಕಡೆ ಜರುಗುತ್ತದೆ. ಅಷ್ಟೊತ್ತಿಗೂ ನೀವು ಹಿಂದೆ ಸರಿಯದಿದ್ದರೆ ಇಡೀ ಗುಂಪು ದಡಬಡ ಅಂತ ನೀರಿಗೆ ಬೀಳುತ್ತದೆ. ಆ ನೂಕುನುಗ್ಗಲಿನಲ್ಲಿ ಮರಿ ದೊಡ್ಡವುಗಳ ಮೈಯಡಿ ಸಿಕ್ಕುವುದು, ತಾಯಿಯಿಂದ ತಪ್ಪಿಹೋಗುವುದು ಉಂಟು. ಮೊದಲ ತಲೆ ಎದ್ದಾಗಲೇ ನಿಲ್ಲಿಸಬೇಕು. ತಿಮಿಂಗಿಲವಾದರೆ ಪದೇ ಪದೇ ದಿಕ್ಕು ಬದಲಿಸುವುದು, ಬಾಲದಿಂದ ನೀರು ಬಡಿಯುವುದು, ತಾಯಿ ಬಂದು ಬೋಟಿಗೂ ಮರಿಗೂ ಮಧ್ಯೆ ನಿಲ್ಲುವುದು. ಇಂಥದ್ದು ಕಂಡೂ ಬೋಟಿನವರು ಇನ್ನೂ ಮುಂದೆ ಹೋದರೆ ಬಾಯಿಬಿಟ್ಟು ಹೇಳಿ. ದುಡ್ಡು ಕೊಟ್ಟವರು ನೀವು.

ಡಾಲ್ಫಿನ್ ವಿಷಯದಲ್ಲಿ ಜನ ಮೋಸ ಹೋಗುವುದು ಜಾಸ್ತಿ, ಯಾಕೆಂದರೆ ಅದರ ಮುಖ ಯಾವಾಗಲೂ ನಗುತ್ತಿರುವ ಹಾಗೆ ಕಾಣುತ್ತದೆ. ಸ್ಪಿನ್ನರ್ ಡಾಲ್ಫಿನ್‌ಗಳು ರಾತ್ರಿಯೆಲ್ಲ ಆಳದ ಸಮುದ್ರದಲ್ಲಿ ಬೇಟೆಯಾಡಿ ಹಗಲು ದಡದ ಹತ್ತಿರ, ಅಲೆ ಕಡಿಮೆ ಇರುವ ಕೊಲ್ಲಿಗಳಿಗೆ ಮಲಗಲು ಬರುತ್ತವೆ. ಮಲಗುವುದು ಅಂದರೆ ನಿಧಾನವಾಗಿ, ಒತ್ತೊತ್ತಾಗಿ, ಒಂದೇ ತಾಳದಲ್ಲಿ ಹಿಂದೆ ಮುಂದೆ ಈಜುವುದು. ಟೂರ್ ಬೋಟುಗಳು ಬೆಳಿಗ್ಗೆ ಸರಿಯಾಗಿ ಅದೇ ಹೊತ್ತಿಗೆ ಅಲ್ಲಿಗೆ ಹೋಗಿ ಜನರನ್ನು ನೀರಿಗೆ ಇಳಿಸುತ್ತಿದ್ದವು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವರ ಮಂಚದ ಸುತ್ತ ದಿನಾ ಮೆರವಣಿಗೆ ಮಾಡಿದ ಹಾಗೆ. ಕೊನೆಗೆ 2021ರಲ್ಲಿ ಹವಾಯಿಯಲ್ಲಿ ದಡದಿಂದ 2 ನಾಟಿಕಲ್ ಮೈಲಿಯೊಳಗೆ ಈ ಡಾಲ್ಫಿನ್‌ಗಳ 50 ಗಜದ ಒಳಗೆ ಹೋಗಬಾರದು ಅಂತ ನಿಯಮ ಬಂತು. ಈಜುವವರಿಗೂ ಅನ್ವಯ, ಬೋಟಿಗೂ ಅನ್ವಯ. ಬೇರೆ ಕಡೆ ಇಂಥ ನಿಯಮ ಇರಬಹುದು, ಇಲ್ಲದಿರಬಹುದು. ಗಮನಿಸಬೇಕಾದ್ದು ಇದು: ಬೋಟ್ ತನ್ನ ಪಾಡಿಗೆ ಒಂದೇ ವೇಗದಲ್ಲಿ ಹೋಗುವಾಗ ಡಾಲ್ಫಿನ್ ತಾನೇ ಬಂದು ಬೋಟಿನ ಮೂತಿಯ ಮುಂದಿನ ಅಲೆ ಮೇಲೆ ಸವಾರಿ ಮಾಡಿದರೆ ಅದು ಅದರ ಖುಷಿ, ನೀವೂ ಖುಷಿಯಾಗಿ ನೋಡಿ. ಗುಂಪಿನ ಮಧ್ಯೆ ಬೋಟ್ ನುಗ್ಗಿಸುವುದು, ಸುತ್ತು ಹಾಕುವುದು, ಅವು ಹೋಗುವ ದಾರಿ ನೋಡಿ ಮುಂದೆ ಓಡಿ ಅಡ್ಡ ನಿಂತು ಜನರನ್ನು ಇಳಿಸುವುದು, ಇವೆಲ್ಲ ಕಿರುಕುಳ.

ಈಗ ನಿಮ್ಮ ಮೂರು ಟೂರ್‌ಗಳಿಗೆ ಬರೋಣ.

ತಿಮಿಂಗಿಲ, ಡಾಲ್ಫಿನ್, ಕಡಲಹಕ್ಕಿ ನೋಡಬೇಕಾದರೆ ಬೋಟೇ ಸರಿ. ಎತ್ತರದಲ್ಲಿ ಕೂತಿರುತ್ತೀರಿ, ದೂರ ಕಾಣುತ್ತದೆ, ಜಾಸ್ತಿ ಜಾಗ ಸುತ್ತಬಹುದು. ನಿಮ್ಮ ಮನೆಯವರಿಗೂ ಇದೇ ಒಳ್ಳೆಯದು. ಈಜು ಬಾರದಿದ್ದರೆ ಏನೂ ನಷ್ಟವಿಲ್ಲ. ಒಂದು ಬೈನಾಕ್ಯುಲರ್ ಕೊಡಿ, ನಿಮಗಿಂತ ಜಾಸ್ತಿ ಅವರೇ ನೋಡುತ್ತಾರೆ. ಆದರೆ 7 ಅಥವಾ 8 ಪಟ್ಟು ದೊಡ್ಡದಾಗಿ ತೋರಿಸುವಂಥದ್ದು ಸಾಕು, ಅದಕ್ಕಿಂತ ಜಾಸ್ತಿಯದ್ದು ತಂದರೆ ಬೋಟ್ ಅಲುಗಾಟಕ್ಕೆ ಏನೂ ನಿಲ್ಲುವುದಿಲ್ಲ. ಬಿಸಿಲ ಪ್ರತಿಫಲನ ತಡೆಯುವ ಪೋಲರೈಸ್ಡ್ ಕನ್ನಡಕ ಇದ್ದರೆ ನೀರಿನೊಳಗಿನ ಆಮೆ ಕೂಡ ಮೇಲಿನಿಂದ ಕಾಣುತ್ತದೆ. ಹುಡುಕುವಾಗ ಪ್ರಾಣಿಯನ್ನೇ ಹುಡುಕಬೇಡಿ, ಗುರುತು ಹುಡುಕಿ: ದಿಗಂತದಲ್ಲಿ ಹೊಗೆ ಎದ್ದಂಥ ಉಸಿರಿನ ತುಂತುರು, ಒಂದೇ ಕಡೆ ಮುಗಿಬಿದ್ದು ನೀರಿಗೆ ಧುಮುಕುವ ಹಕ್ಕಿಗಳು, ಅಲೆಗಳ ನಡುವೆ ಎಣ್ಣೆ ಚೆಲ್ಲಿದಂತೆ ನುಣ್ಣಗಾದ ಒಂದು ವೃತ್ತ. ಆ ನುಣ್ಣನೆಯ ವೃತ್ತ ತಿಮಿಂಗಿಲ ಬಾಲ ಬೀಸಿ ಕೆಳಗೆ ಹೋದ ಜಾಗ. ಅಂದರೆ ಅದು ಈಗ ಅಲ್ಲಿಲ್ಲ, ಮುಂದೆ ಎಲ್ಲೋ ಏಳುತ್ತದೆ. ತಾಯಿ ಜೊತೆ ಮರಿ ಇದ್ದರೆ ಮರಿ ಸ್ವಲ್ಪ ಸ್ವಲ್ಪ ಹೊತ್ತಿಗೇ ಉಸಿರಿಗೆ ಏಳುತ್ತದೆ, ತಾಯಿ ತುಂಬಾ ಹೊತ್ತು ಕೆಳಗಿರುತ್ತದೆ. ಒಳ್ಳೆಯ ಕ್ಯಾಪ್ಟನ್ ದೂರದಲ್ಲೇ ಇಂಜಿನ್ ನ್ಯೂಟ್ರಲ್‌ಗೆ ಹಾಕಿ ಕಾಯುತ್ತಾನೆ. ಆಮೇಲೆ ಹತ್ತಿರ ಬರುವುದೋ ಬಿಡುವುದೋ ತಿಮಿಂಗಿಲಕ್ಕೆ ಬಿಟ್ಟದ್ದು. ಎಷ್ಟೋ ಸಲ ಅದೇ ಕುತೂಹಲಕ್ಕೆ ಬಂದು ಬೋಟ್ ಪಕ್ಕದಲ್ಲಿ ತಲೆ ಎತ್ತಿ ನೋಡುತ್ತದೆ.

ಕಯಾಕ್ ಬಗ್ಗೆ ಒಂದು ತಪ್ಪು ನಂಬಿಕೆ ಇದೆ. ಇಂಜಿನ್ ಇಲ್ಲ, ಸದ್ದಿಲ್ಲ, ಹಾಗಾಗಿ ಪ್ರಾಣಿಗಳಿಗೆ ತೊಂದರೆಯೇ ಇಲ್ಲ ಅಂತ. ಸದ್ದಿಲ್ಲದೆ, ನೀರಿಗೆ ಅಂಟಿಕೊಂಡು, ನೇರವಾಗಿ ತನ್ನ ಕಡೆ ಬರುವ ಉದ್ದನೆಯ ವಸ್ತು ಸೀಲ್ ಕಣ್ಣಿಗೆ ಬೇಟೆಗಾರನ ಥರ ಕಾಣುತ್ತದೆ. ದೂರದಿಂದಲೇ ಸದ್ದು ಮಾಡಿಕೊಂಡು ಬರುವ ಬೋಟನ್ನು ಸಹಿಸಿಕೊಳ್ಳುವ ಸೀಲ್‌ಗಳು, ಬಂಡೆ ಸುತ್ತಿ ದಿಢೀರ್ ಅಂತ ಎದುರಾದ ಕಯಾಕ್ ಕಂಡು ಕಂಗಾಲಾಗುತ್ತವೆ. ಹಾಗಾಗಿ ಸೀಲ್ ಇರುವ ಬಂಡೆ, ಹಕ್ಕಿ ಗೂಡು ಕಟ್ಟಿದ ಕಡಿದಾದ ದಡ ಇಂಥ ಕಡೆ ದೂರದಲ್ಲಿ, ದಡಕ್ಕೆ ಸಮಾನಾಂತರವಾಗಿ, ಒಂದೇ ವೇಗದಲ್ಲಿ ಮಾತಾಡಿಕೊಂಡು ಹೋಗಿಬಿಡಿ. ನಿಂತು ದಿಟ್ಟಿಸಬೇಡಿ. ಹಕ್ಕಿ ಗೂಡು ಬಿಟ್ಟು ಹಾರಿದರೆ ಐದು ನಿಮಿಷದಲ್ಲಿ ಗಲ್ ಹಕ್ಕಿ ಬಂದು ಮೊಟ್ಟೆ ಎತ್ತಿಕೊಂಡು ಹೋಗಿರುತ್ತದೆ.

ಇನ್ನೊಂದು, ಇದು ನಿಮ್ಮ ಜೀವದ ಮಾತು. ಕಯಾಕ್ ಸುತ್ತ ನೀರು ಕುದಿಯುವ ಹಾಗೆ ಸಣ್ಣ ಮೀನುಗಳು ಪುಟಿಯಲು ಶುರುವಾದರೆ, ಹಕ್ಕಿಗಳು ಮುಗಿಬಿದ್ದರೆ, ಫೋಟೋ ತೆಗೆಯುತ್ತಾ ಕೂರಬೇಡಿ. ಹುಟ್ಟು ಹಾಕಿ ಅಲ್ಲಿಂದ ಜಾಗ ಖಾಲಿ ಮಾಡಿ. ಆ ಮೀನುಗಳನ್ನು ಕೆಳಗಿನಿಂದ ಯಾರೋ ಅಟ್ಟುತ್ತಿದ್ದಾರೆ ಅಂತ ಅರ್ಥ. 2020ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಆವಿಲಾ ಬೀಚ್ ಹತ್ತಿರ ಇಬ್ಬರು ಕಯಾಕ್‌ನಲ್ಲಿ ಹೀಗೇ ನೋಡುತ್ತಾ ಕೂತಿದ್ದರು. ಮೀನಿನ ಗುಂಪನ್ನು ನುಂಗಲು ಬಾಯಿ ತೆರೆದು ಮೇಲೆ ಬಂದ ಹಂಪ್‌ಬ್ಯಾಕ್ ಕಯಾಕ್ ಸಮೇತ ಅವರನ್ನು ಕ್ಷಣಕಾಲ ಬಾಯಲ್ಲಿ ಹಿಡಿದು, ಆಮೇಲೆ ಬಿಟ್ಟಿತು. 2015ರಲ್ಲಿ ಮಾಂಟೆರೇ ಕೊಲ್ಲಿಯಲ್ಲಿ ನೀರಿನಿಂದ ನೆಗೆದ ತಿಮಿಂಗಿಲ ಇಬ್ಬರಿದ್ದ ಕಯಾಕ್ ಮೇಲೇ ಬಿತ್ತು. ಎರಡೂ ಸಲ ಎಲ್ಲರೂ ಬದುಕಿದರು. ತಿಮಿಂಗಿಲಕ್ಕೆ ಅವರ ಮೇಲೆ ಸಿಟ್ಟೇನೂ ಇರಲಿಲ್ಲ, ಅದರ ಊಟದ ತಟ್ಟೆಯ ಮೇಲೆ ಇವರು ಕೂತಿದ್ದರು ಅಷ್ಟೇ. ಸಣ್ಣ ಮಗಳನ್ನು ಕೂರಿಸಿಕೊಂಡು ಹೋಗುವುದಾದರೆ ಗೈಡ್ ಇರುವ, ಕೊಲ್ಲಿಯೊಳಗೇ ಸುತ್ತುವ ಕಯಾಕ್ ಟೂರ್ ಆರಿಸಿ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಸುಸ್ತಾದ ಮೇಲೆ ವಾಪಸ್ ಬರಲು ಗಾಳಿ ನಿಮ್ಮ ಕಡೆ ಇರಲಿ.

ಸ್ನಾರ್ಕೆಲಿಂಗ್ ಮೂರರಲ್ಲೂ ನನಗೆ ತುಂಬಾ ಇಷ್ಟವಾದದ್ದು. ನೀರಿನಲ್ಲಿ ಎಷ್ಟು ಕಡಿಮೆ ಕದಲುತ್ತೀರೋ ಅಷ್ಟು ಜಾಸ್ತಿ ಕಾಣುತ್ತದೆ. ಹವಳದ ದಿಬ್ಬದ ಮೇಲೆ ಒಂದು ಆಮೆ ಕಾಲು ಚಾಚಿಕೊಂಡು ಅಲುಗಾಡದೆ ನಿಂತಿದೆ, ಸುತ್ತ ಹಳದಿ ಕಪ್ಪು ಮೀನುಗಳು ಅದರ ಚಿಪ್ಪಿಗೆ ಬಾಯಿ ತಾಗಿಸುತ್ತಿವೆ ಅಂದರೆ ಅದು ಅವುಗಳ ಸ್ನಾನದ ಜಾಗ. ಚಿಪ್ಪಿನ ಮೇಲೆ ಬೆಳೆದ ಪಾಚಿಯನ್ನು ಆ ಮೀನುಗಳು ಕೆರೆದು ತಿನ್ನುತ್ತವೆ. ತೊರಕೆಯ ಜಾತಿಗೇ ಸೇರಿದ ದೊಡ್ಡ ಮಂಟಾ ರೇಗಳೂ ಹೀಗೆ ಮೈ ಶುಚಿ ಮಾಡಿಸಿಕೊಳ್ಳಲು ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತವೆ. ಆ ದಿಬ್ಬದ ಮೇಲೆ ಹೋಗಬೇಡಿ, ಪಕ್ಕದಲ್ಲಿ ತೇಲಿ. ಒಂದು ಹೋದರೆ ಇನ್ನೊಂದು ಬರುತ್ತದೆ. ಮಂಟಾ ಮೈ ಮೇಲೆ ಲೋಳೆಯ ಪದರ ಇರುತ್ತದೆ, ಸೋಂಕು ತಡೆಯುವುದು ಅದೇ. ಮುಟ್ಟಿದರೆ ಅದು ಕಿತ್ತುಬರುತ್ತದೆ. ಗಲಪಗೋಸ್‌ನಂಥ ಕಡೆ ಸೀ ಲಯನ್ ಮರಿಗಳು ತಾವೇ ಬಂದು ಮಾಸ್ಕ್ ಮುಂದೆ ಗುಳ್ಳೆ ಬಿಡುತ್ತವೆ, ಫಿನ್ ಕಚ್ಚಿ ಎಳೆಯುತ್ತವೆ. 2 ಮೀಟರ್ ನಿಯಮ ಇರುವುದು ನಿಮಗೆ, ಅವಕ್ಕಲ್ಲ! ನೀವು ಕೈ ಚಾಚದೆ ಸುಮ್ಮನಿದ್ದರೆ ಸಾಕು. ಆದರೆ ದಡದ ಉದ್ದಕ್ಕೂ ಬೊಗಳುತ್ತಾ ಗಸ್ತು ತಿರುಗುವ ದಪ್ಪ ಕತ್ತಿನ ಗಂಡು ಸೀ ಲಯನ್ ಕಂಡರೆ ಆ ಕಡೆ ಹೋಗಲೇಬೇಡಿ. ಅದು ಆಟಕ್ಕೆ ಬಂದದ್ದಲ್ಲ.

ಅಪಾಯದ ಬಗ್ಗೆ ಕೇಳಿದ್ದೀರಿ. ಎಲ್ಲರೂ ಹೆದರುವುದು ಶಾರ್ಕ್‌ಗೆ. ನಿಜವಾದ ಅಪಾಯ ನೀರೇ. ಹವಾಯಿಯಲ್ಲಿ ಸಮುದ್ರದಲ್ಲಿ ಮುಳುಗಿ ಸಾಯುವ ಪ್ರವಾಸಿಗರಲ್ಲಿ ಸ್ನಾರ್ಕೆಲಿಂಗ್‌ಗೆ ಇಳಿದವರೇ ಹೆಚ್ಚು. ಎಷ್ಟೋ ಜನ ಒದ್ದಾಡುವುದು, ಕೂಗುವುದು ಏನೂ ಇಲ್ಲದೆ ಸುಮ್ಮನೆ ತೇಲುತ್ತಿರುತ್ತಾರೆ, ಪಕ್ಕದವರಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಜೋಡಿಯಾಗಿ ಇಳಿಯಿರಿ, ಆಗಾಗ ತಲೆ ಎತ್ತಿ ಒಬ್ಬರನ್ನೊಬ್ಬರು ನೋಡಿಕೊಳ್ಳಿ. ಉಸಿರು ಕಟ್ಟಿದ ಹಾಗೆ, ವಿಪರೀತ ಸುಸ್ತಾದ ಹಾಗೆ ಅನ್ನಿಸಿದ ತಕ್ಷಣ ಕೊಳವೆ ಬಾಯಿಂದ ತೆಗೆದು, ಮಲಗಿ ತೇಲಿ, ಕೈ ಎತ್ತಿ ಕರೆಯಿರಿ. ಎದೆ ತೊಂದರೆ, ಉಸಿರಾಟದ ತೊಂದರೆ ಇದ್ದವರು ಮೊದಲೇ ಡಾಕ್ಟರನ್ನು ಕೇಳಿ. ಮಗಳಿಗೆ ಲೈಫ್ ಜಾಕೆಟ್ ಹಾಕಿಸಿ, "ನನಗೆ ಈಜು ಬರುತ್ತೆ" ಅಂದರೂ ಹಾಕಿಸಿ. ಮಾಸ್ಕ್ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಲ್ಲಿ ಉಸಿರು ಎಳೆಯಲು ಹೇಳಿ, ಕೈ ಬಿಟ್ಟರೂ ಬೀಳದಿದ್ದರೆ ಅವಳ ಅಳತೆ ಸರಿ. ಮೊದಲ ದಿನ ಸೊಂಟ ಮಟ್ಟದ ನೀರಿನಲ್ಲಿ ನಿಂತು ಅಭ್ಯಾಸ ಆಗಲಿ.

ಪ್ರಾಣಿಗಳ ಪೈಕಿ ತೊಂದರೆ ಕೊಡುವವು ಬಹುಪಾಲು ನಾವು ತುಳಿದವು, ಎತ್ತಿಕೊಂಡವು. ಮರಳಿನಲ್ಲಿ ನಡೆಯುವಾಗ ಕಾಲು ಎತ್ತಿ ಇಡಬೇಡಿ, ಎಳೆದುಕೊಂಡು ನಡೆಯಿರಿ. ಹುದುಗಿ ಕೂತ ತೊರಕೆ ಆ ಸದ್ದಿಗೆ ಎದ್ದು ಹೋಗುತ್ತದೆ. ಚೆಂದದ ಚಿಪ್ಪು ಕಂಡರೂ ಎತ್ತಬೇಡಿ, ಕೋನ್ ಸ್ನೇಲ್ ಅನ್ನುವ ಬಸವನಹುಳುವಿನ ವಿಷ ಮನುಷ್ಯನನ್ನು ಕೊಲ್ಲಬಲ್ಲದು. ಟೈಟನ್ ಟ್ರಿಗರ್‌ಫಿಶ್ ಅಂತ ಒಂದು ದೊಡ್ಡ ಮೀನಿದೆ, ಗೂಡು ಕಾಯುವ ಸಮಯದಲ್ಲಿ ಶಾರ್ಕ್‌ಗಿಂತ ಇದೇ ಮೇಲೆ ಬೀಳುವುದು. ಅದು ತನ್ನದು ಅಂದುಕೊಳ್ಳುವ ಜಾಗ ಗೂಡಿನಿಂದ ಮೇಲಕ್ಕೆ ಹೋದಷ್ಟೂ ಅಗಲವಾಗುತ್ತದೆ. ಹಾಗಾಗಿ ಅಟ್ಟಿಸಿಕೊಂಡು ಬಂದರೆ ಮೇಲಕ್ಕೆ ಹೋಗಬೇಡಿ, ಪಕ್ಕಕ್ಕೆ ಈಜಿ. ತೊರಕೆ, ಸ್ಟೋನ್‌ಫಿಶ್, ಲಯನ್‌ಫಿಶ್ ಮುಳ್ಳು ಚುಚ್ಚಿದರೆ ತಡೆಯಬಲ್ಲಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ ಸೆಲ್ಸಿಯಸ್, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಬೇಕು, ಆಸ್ಪತ್ರೆಗೂ ಹೋಗಬೇಕು. ಜೆಲ್ಲಿಫಿಶ್ ತಾಗಿದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ, ಸಮುದ್ರದ ನೀರಿನಲ್ಲೇ ತೊಳೆಯಿರಿ. ಬಾಕ್ಸ್ ಜೆಲ್ಲಿಫಿಶ್ ಇರುವ ಕಡೆ ಬೋಟಿನಲ್ಲಿ ವಿನೆಗರ್ ಇದೆಯಾ ಅಂತ ಮೊದಲೇ ಕೇಳಿ. ಮೂತ್ರ ಹಾಕಿದರೆ ಸರಿಯಾಗುತ್ತದೆ ಅನ್ನುವುದು ಶುದ್ಧ ಸುಳ್ಳು. ರೀಫ್ ಶಾರ್ಕ್ ಕಂಡರೆ ನೀರು ಬಡಿಯದೆ, ಅದರ ಕಡೆ ಮುಖ ಮಾಡಿ, ನಿಧಾನಕ್ಕೆ ಹಿಂದೆ ಸರಿಯಿರಿ. ಸಾಮಾನ್ಯವಾಗಿ ಅದೇ ಮೊದಲು ಹೋಗಿರುತ್ತದೆ.

ಸನ್‌ಸ್ಕ್ರೀನ್ ಬದಲು ತುಂಬು ತೋಳಿನ ಈಜು ಅಂಗಿ ಹಾಕಿಕೊಳ್ಳಿ, ಬೆನ್ನು ಸುಡುವುದೂ ತಪ್ಪುತ್ತದೆ. ಪೆಸಿಫಿಕ್ ಸಾಗರದ ಪಲಾವು ಅನ್ನುವ ದ್ವೀಪ ದೇಶ 2020ರಿಂದ, ಹವಾಯಿ 2021ರಿಂದ ಹವಳಕ್ಕೆ ಹಾನಿ ಅಂತ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಅನ್ನುವ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಮಾರಾಟ ನಿಲ್ಲಿಸಿವೆ. ಮುಖಕ್ಕೆ ಹಚ್ಚಲೇಬೇಕಿದ್ದರೆ ಡಬ್ಬದ ಹಿಂದೆ ಈ ಹೆಸರುಗಳು ಇವೆಯಾ ನೋಡಿ.

ಬುಕ್ ಮಾಡುವ ಮುಂಚೆ ಫೋನಿನಲ್ಲಿ ಮೂರು ಮಾತು ಕೇಳಿ ಸಾಕು. ಒಬ್ಬ ಗೈಡ್‌ಗೆ ಎಷ್ಟು ಜನ, ಗೈಡ್ ನೀರಿಗೆ ಇಳಿಯುತ್ತಾರಾ, ಪ್ರಾಣಿ ದೂರ ಹೋಗುತ್ತಿದ್ದರೆ ಏನು ಮಾಡುತ್ತೀರಿ. ಕೊನೆಯದಕ್ಕೆ "ಬಿಟ್ಟುಬಿಡುತ್ತೇವೆ" ಅಂದವರನ್ನು ಹಿಡಿದುಕೊಳ್ಳಿ. ನಿಮ್ಮ ಮೂವರಿಗೆ ನನ್ನ ಲೆಕ್ಕ ಹೀಗೆ: ಮೊದಲು ಬೋಟ್, ಬೆಳಿಗ್ಗೆ ಗಾಳಿ ಏಳುವ ಮುಂಚಿನ ಟ್ರಿಪ್. ಮಾರನೇ ದಿನ ದಡದ ಹತ್ತಿರ ನೀವೂ ಮಗಳೂ ಸ್ನಾರ್ಕೆಲಿಂಗ್, ನಿಮ್ಮ ಮನೆಯವರು ದಡದಲ್ಲೇ ನಿಂತು ನಿಮ್ಮಿಬ್ಬರ ಮೇಲೆ ಒಂದು ಕಣ್ಣು. ಕಯಾಕ್ ಕೊನೆಗೆ, ಸಮುದ್ರ ಶಾಂತವಾಗಿದ್ದರೆ ಮಾತ್ರ. ಒಂದು ದಿನ ಖಾಲಿ ಇಟ್ಟುಕೊಳ್ಳಿ, ಹವಾಮಾನ ಕೆಟ್ಟರೆ ಟ್ರಿಪ್ ಮುಂದಕ್ಕೆ ಹಾಕಲು ಆಗುತ್ತದೆ. ಬೋಟಿನಲ್ಲಿ ವಾಂತಿ ಬರುವ ಅಭ್ಯಾಸ ಇದ್ದರೆ ಮಾತ್ರೆಯನ್ನು ಹತ್ತುವ ಒಂದು ಗಂಟೆ ಮುಂಚೆಯೇ ತಗೊಳ್ಳಬೇಕು (ಮಗಳಿಗೆ ಯಾವುದು, ಎಷ್ಟು ಅಂತ ಡಾಕ್ಟರನ್ನು ಕೇಳಿ), ಬೋಟಿನ ಮಧ್ಯದಲ್ಲಿ ಕೂರಬೇಕು, ಫೋನ್ ನೋಡದೆ ದಿಗಂತ ನೋಡುತ್ತಿರಬೇಕು. ತಲೆ ಸುತ್ತಲು ಶುರುವಾದ ಮೇಲೆ ಮಾತ್ರೆ ನುಂಗಿ ಏನೂ ಉಪಯೋಗ ಇಲ್ಲ, ಅದೂ ಹೊರಗೆ ಬಂದುಬಿಡುತ್ತದೆ.